ನಾಲ್ಕು ಕಾಲಿನ ಟ್ರಾನ್ಸಿಸ್ಟರ್

ಎರಡು ಬ್ಯಾಂಡಿನ ಟ್ರಾನ್ಸಿಸ್ಟರ್ ರೇಡಿಯೋ. ಮೀಡಿಯಂ ವೇವ್ ಒಂದು, ಶಾರ್ಟ್ ವೇವ್ ಒಂದು. ಮರದ ಪೆಟ್ಟಿಗೆ, ಮುಂದೆ ಬಟ್ಟೆ, ಹಿಂದೆ ನಾಲ್ಕು ದೊಡ್ಡ ಸೆಲ್ ಹಾಕುವ ಜಾಗ. ಎಲ್ಲೂ ಕಂಪನಿ ಹೆಸರಿಲ್ಲ. ಒಂದು ಕಾಲದಲ್ಲಿ ಊರಿನ ರೇಡಿಯೋ ಅಂಗಡಿಯವರೇ ಬಿಡಿಭಾಗ ತರಿಸಿ, ಜೋಡಿಸಿ ಮಾರುತ್ತಿದ್ದರಲ್ಲ, ಅಂಥ ಅಸೆಂಬಲ್ಡ್ ಸೆಟ್. ಉಡುಪಿಯಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಅಟ್ಟದಿಂದ ಇಳಿಸಿ ಕೊಟ್ಟರು. "ಇದು ಮಾತಾಡುದೇ ಇಲ್ಲ ಮಾರಾಯ. ನಿನ್ನಿಂದ ಎಂತಾದ್ರೂ ಆಗ್ತದಾ ನೋಡು. ಆಗದಿದ್ರೆ ಗುಜರಿಗೆ" ಅಂದರು.

ಇದೇ ಸೆಟ್ಟಿನಲ್ಲಿ ಅವರು ಮಂಗಳೂರು ಆಕಾಶವಾಣಿಯ ತಾಳಮದ್ದಳೆ ಕೇಳುತ್ತಿದ್ದರಂತೆ. ಮಂಗಳೂರು ನಿಲಯ ಶುರುವಾದದ್ದು 1976ರ ಡಿಸೆಂಬರ್‌ನಲ್ಲಿ. ಮೀಡಿಯಂ ವೇವ್‌ನಲ್ಲಿ ಅದರ ಜಾಗ 1089 ಕಿಲೋಹರ್ಟ್ಸ್, ಟ್ರಾನ್ಸ್‌ಮಿಟರ್ ಇದ್ದದ್ದು ನಮ್ಮ ಬ್ರಹ್ಮಾವರದಲ್ಲಿ. ಅಷ್ಟು ಹತ್ತಿರದ ಸ್ಟೇಷನ್ ಆದ್ದರಿಂದ ಅರ್ಧ ಸತ್ತ ರೇಡಿಯೋ ಕೂಡ ಇಲ್ಲಿ ಹಾಡುತ್ತಿತ್ತು. ಹಾಗಾಗಿ ಇದು ಯಾವಾಗ ಕೆಡಲು ಶುರುವಾಯಿತು ಅಂತ ಮನೆಯವರಿಗೂ ಗೊತ್ತಿಲ್ಲ.

ರಿಪೇರಿ ಆಯಿತು. ಆದರೆ ಮುಖ್ಯ ದೋಷ ಯಾವುದು ಅಂತ ಹೇಳಿಕೊಟ್ಟವರು ನಾನು ಮುಖ ನೋಡದ ಜನ. ಅವರಿಗೆ "ಥ್ಯಾಂಕ್ಸ್ ಸರ್" ಅಂತ ಎರಡು ಪದ ಹಾಕಿ ಎದ್ದು ಬರಬಹುದಿತ್ತು. ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ. ಏನು ಅಳೆದೆ, ಎಷ್ಟು ಬಂತು, ಏನು ಬದಲಿಸಿದೆ ಅಂತ ಪೂರ್ತಿ ಬರೆದಿಟ್ಟರೆ ಅವರಿಗೂ ತಮ್ಮ ಊಹೆ ಸರಿಯಾಗಿತ್ತಾ ಅಂತ ಗೊತ್ತಾಗುತ್ತದೆ, ಮುಂದೆ ಇಂಥದೇ ಸೆಟ್ ಬಿಚ್ಚುವವರಿಗೂ ಕೆಲಸಕ್ಕೆ ಬರುತ್ತದೆ. ಅದಕ್ಕೇ ಇಷ್ಟು ಉದ್ದ.

ಕರೆಂಟ್ ಕೊಡುವ ಮೊದಲು

ಸೆಲ್ ಮನೆಯಲ್ಲಿ ಹಳೆ ಸೆಲ್ ಸೋರಿ ಸ್ಪ್ರಿಂಗ್ ಎಲ್ಲ ಹಸಿರು ಬಿಳಿ ಪುಡಿ. ಇದನ್ನು ತೊಳೆಯುವ ಮೊದಲು ಸೋರಿದ್ದು ಯಾವ ಸೆಲ್ ಅಂತ ನೋಡಬೇಕು. ಹಳೆ ಸಾದಾ ಸತು-ಕಾರ್ಬನ್ ಸೆಲ್ ಸೋರಿದರೆ ಸ್ವಲ್ಪ ಹುಳಿ ಗುಣ, ಅದಕ್ಕೆ ಅಡಿಗೆ ಸೋಡಾ ಕಲಸಿದ ನೀರು. ಆಲ್ಕಲೈನ್ ಸೆಲ್ ಆದರೆ ಉಲ್ಟಾ, ಅದಕ್ಕೆ ವಿನೆಗರ್ ಅಥವಾ ನಿಂಬೆ ಹುಳಿ. ಇಲ್ಲಿ ಇದ್ದದ್ದು ಸಾದಾ ಸೆಲ್. ಸೋಡಾ ನೀರು, ಹಳೆ ಟೂತ್‌ಬ್ರಷ್, ಆಮೇಲೆ ಒಣ ಬಟ್ಟೆ. ಒಂದು ಸ್ಪ್ರಿಂಗ್ ಮುಟ್ಟಿದಲ್ಲೇ ಮುರಿಯಿತು, ಟಾರ್ಚಿನದು ಹಾಕಿದೆ.

ಪೆಟ್ಟಿಗೆಯ ಒಳಗೆ ಮಡಚಿಟ್ಟ ರೇಡಿಯೋ ಲೈಸೆನ್ಸ್ ಪುಸ್ತಕವೂ ಸಿಕ್ಕಿತು. ಈಗಿನ ಮಕ್ಕಳು ನಂಬುವುದಿಲ್ಲ, 1980ರ ದಶಕದವರೆಗೂ ರೇಡಿಯೋ ಕೇಳಲಿಕ್ಕೆ ಅಂಚೆ ಕಚೇರಿಯಲ್ಲಿ ವರ್ಷ ವರ್ಷ ದುಡ್ಡು ಕಟ್ಟಬೇಕಿತ್ತು. ಅದನ್ನು ಹಾಗೇ ತೆಗೆದಿಟ್ಟೆ. ಹಲ್ಲಿ ಮೊಟ್ಟೆಯ ಚಿಪ್ಪು, ಜಿರಳೆ ಕಸ ಎಲ್ಲ ಬ್ರಷ್‌ನಿಂದ ಹೊರಗೆ.

ಸ್ಪೀಕರಿಗೆ ಒಂದು ಸೆಲ್ ಮುಟ್ಟಿಸಿದರೆ ಟಕ್ ಅಂತು. ಅದರ ಕಾಗದದ ಕೋನ್ ಹರಿದಿಲ್ಲ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಡ್ರೈವರ್ ಟ್ರಾನ್ಸ್‌ಫಾರ್ಮರ್ ಎರಡರ ವೈಂಡಿಂಗೂ ಮೀಟರಿನಲ್ಲಿ ಓಕೆ. ನಮ್ಮ ಕರಾವಳಿಯಲ್ಲಿ ಇದು ದೊಡ್ಡ ಸಮಾಧಾನ. ಉಪ್ಪು ಗಾಳಿಗೆ ಕೂದಲೆಳೆಯಂಥ ತಾಮ್ರದ ತಂತಿ ಹಸಿರಾಗಿ ತುಂಡಾಗುವುದೇ ಜಾಸ್ತಿ, ಆಮೇಲೆ ಅದಕ್ಕೆ ಬದಲಿ ಹುಡುಕುವುದು ಎಂಥ ಪಾಡು ಅಂತ ಮಾಡಿದವರಿಗೇ ಗೊತ್ತು.

ಆಡಿಯೋ ಕಡೆ

ಸೆಲ್ ಬದಲು ಬೆಂಚ್ ಸಪ್ಲೈಯಿಂದ 6 ವೋಲ್ಟ್ ಕೊಟ್ಟೆ, ಕರೆಂಟಿಗೆ 50 ಮಿಲಿಆಂಪ್ ಮಿತಿ ಇಟ್ಟು. ಬೆಂಚ್ ಸಪ್ಲೈ ಇಲ್ಲದವರು ಸರಣಿಯಲ್ಲಿ ಒಂದು 6 ವೋಲ್ಟಿನ ಟಾರ್ಚ್ ಬಲ್ಬ್ ಹಾಕಿದರೂ ಸಾಕು. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಉರಿಯುತ್ತದೆ, ಟ್ರಾನ್ಸಿಸ್ಟರ್ ಉಳಿಯುತ್ತದೆ.

ಒಂದು ಮಾತು ನೆನಪಿರಲಿ. ಈ ಕಾಲದ ಸೆಟ್ಟುಗಳಲ್ಲಿ ಜರ್ಮೇನಿಯಂ ಪಿಎನ್‌ಪಿ ಟ್ರಾನ್ಸಿಸ್ಟರ್. ಬ್ಯಾಟರಿಯ ಪ್ಲಸ್ ಗ್ರೌಂಡಿಗೆ ಹೋಗುತ್ತದೆ. ಮೀಟರಿನ ಕಪ್ಪು ವೈರ್ ಮೈನಸ್ಸಿಗೆ ಹಿಡಿದು ಅಭ್ಯಾಸ ಇದ್ದವರಿಗೆ ಎಲ್ಲಾ ತಲೆಕೆಳಗಾಗಿ ಕಾಣುತ್ತದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಪ್ಲಸ್ ಕಾಲೂ ಗ್ರೌಂಡ್ ಕಡೆಗೇ. ಈ ಬರಹದಲ್ಲಿ ಮುಂದೆ ಬರುವ ವೋಲ್ಟೇಜ್ ಎಲ್ಲ ಗ್ರೌಂಡಿನಿಂದ ಮೈನಸ್ ಅಂತ ತಿಳಿಯಿರಿ.

ವಾಲ್ಯೂಮ್ ಏರಿಸಿದರೆ ಡುಗು ಡುಗು ಡುಗು ಅಂತ ಮಲ್ಪೆ ಬಂದರಿನಲ್ಲಿ ಬೋಟ್ ಇಂಜಿನ್ ಶುರು ಮಾಡಿದ ಹಾಗೆ ಸದ್ದು. ರೇಡಿಯೋದವರು ಇದನ್ನು ಮೋಟರ್‌ಬೋಟಿಂಗ್ ಅಂತಲೇ ಕರೆಯುವುದು. ಸಪ್ಲೈಗೆ ಅಡ್ಡ ಇರುವ 100 ಮೈಕ್ರೋಫ್ಯಾರಡ್ ಒಣಗಿ ಹೋದರೆ ಔಟ್‌ಪುಟ್ ಹಂತದ ಏರಿಳಿತ ಸಪ್ಲೈ ಲೈನ್ ಮೂಲಕ ಹಿಂದಿನ ಹಂತಕ್ಕೆ ಬಂದು ಸುತ್ತು ಹಾಕುತ್ತದೆ. ಆ ಕೆಪಾಸಿಟರ್, ಮತ್ತೆ ಆಡಿಯೋ ಕಡೆಯ 10 ಮೈಕ್ರೋಫ್ಯಾರಡ್‌ಗಳನ್ನೆಲ್ಲ ಬದಲಿಸಿದೆ. ಹಳೆಯದನ್ನು ಮೀಟರಿಗೆ ಹಾಕಿದರೆ ಹೆಚ್ಚಿನವು ಹೆಸರಿಗೆ ಮಾತ್ರ ಕೆಪಾಸಿಟರ್. ಇಂಥ ಸೆಟ್ಟಿನಲ್ಲಿ ಎಲೆಕ್ಟ್ರೋಲಿಟಿಕ್ ಬದಲಿಸಲು ಯೋಚನೆ ಮಾಡುವ ಅಗತ್ಯವೇ ಇಲ್ಲ.

ಈಗ ವಾಲ್ಯೂಮ್ ಕಂಟ್ರೋಲಿನ ಮೇಲಿನ ಕಾಲಿಗೆ ಸ್ಕ್ರೂಡ್ರೈವರ್ ತಾಗಿಸಿದರೆ ಗುಂಯ್ ಅಂತ ಜೋರಾಗಿ ಹಮ್. ಔಟ್‌ಪುಟ್ಟಿನ ಎಸಿ128 ಟ್ರಾನ್ಸಿಸ್ಟರ್ ಜೋಡಿ, ಅದರ ಹಿಂದಿನ ಎಸಿ126 ಎಲ್ಲ ಜೀವಂತ. ಎಸಿ128 ಎರಡರ ಮೇಲೂ ಬೆಂಗಳೂರಿನ ಬಿಇಎಲ್ ಗುರುತು ಇನ್ನೂ ಕಾಣುತ್ತದೆ. ಆದರೆ ಡಯಲ್ ಈ ತುದಿಯಿಂದ ಆ ತುದಿಗೆ ತಿರುಗಿಸಿದರೆ ಸ್ಟೇಷನ್ ಬಿಡಿ, ಸುಮ್ನೆ ಗರಗರ ಕೂಡ ಇಲ್ಲ. ಸೆಟ್ಟು ಎಳೆಯುತ್ತಿದ್ದ ಕರೆಂಟ್ 17 ಮಿಲಿಆಂಪ್. ಈ ಸೈಜಿನ ರೇಡಿಯೋಗೆ ಅದು ಜಾಸ್ತಿ.

ಮೀಟರ್ ಸರಿ ಅಂತದೆ, ಸೆಟ್ಟು ಇಲ್ಲ ಅಂತದೆ

ಮುಂದಿನ ಭಾಗದಲ್ಲಿ ಮೂರು ಟ್ರಾನ್ಸಿಸ್ಟರ್. ಹಿಡಿದ ಸ್ಟೇಷನ್ನನ್ನು ಐಎಫ್ ಅನ್ನುವ ಒಂದೇ ನಿಗದಿ ಆವರ್ತನಕ್ಕೆ ತರುವ ಮಿಕ್ಸರಿಗೆ ಎಎಫ್115, ಅದನ್ನು ಬಲಪಡಿಸುವ ಐಎಫ್‌ನ ಎರಡು ಹಂತಕ್ಕೆ ಎಎಫ್117. ಆಮೇಲೆ ಅದರಿಂದ ಸದ್ದನ್ನು ಬಿಡಿಸುವ ಡಿಟೆಕ್ಟರ್ ಡಯೋಡ್ ಓಎ79. ಟ್ರಾನ್ಸಿಸ್ಟರಿನಲ್ಲಿ ಕೆಲಸ ಮಾಡುವ ಕಾಲು ಮೂರು: ಎಮಿಟರ್, ಬೇಸ್, ಕಲೆಕ್ಟರ್. ಎರಡನೇ ಐಎಫ್ ಟ್ರಾನ್ಸಿಸ್ಟರಿನಲ್ಲಿ ಅಳೆದರೆ ಬೇಸ್‌ನಲ್ಲಿ 0.2, ಎಮಿಟರ್ ಮತ್ತು ಕಲೆಕ್ಟರ್ ಎರಡರಲ್ಲೂ ಹೆಚ್ಚುಕಡಿಮೆ ಸೊನ್ನೆ. ಕಲೆಕ್ಟರಿಗೆ ಸಪ್ಲೈ ಬರುವ 1 ಕೆ (1000 ಓಮ್) ರೆಸಿಸ್ಟರಿನ ಒಂದು ಬದಿ 6 ವೋಲ್ಟ್, ಇನ್ನೊಂದು ಬದಿ ಸೊನ್ನೆ. ಅಂದರೆ ಆ ರೆಸಿಸ್ಟರಿನಲ್ಲೇ 6 ಮಿಲಿಆಂಪ್ ಗ್ರೌಂಡಿಗೆ ಹರಿದು ಹೋಗುತ್ತಿದೆ. 17 ಮಿಲಿಆಂಪಿನ ಲೆಕ್ಕ ಸಿಕ್ಕಿತು.

ಇದನ್ನು ನೋಡಿದರೆ ಯಾರೂ ಹೇಳುವುದು ಒಂದೇ, ಟ್ರಾನ್ಸಿಸ್ಟರ್ ಶಾರ್ಟ್. ಜರ್ಮೇನಿಯಂ ಬಿಸಿ ತಡೆಯುವುದಿಲ್ಲ, ಅದಕ್ಕೆ ಪ್ರತಿ ಕಾಲಿಗೂ ಕ್ರೊಕೊಡೈಲ್ ಕ್ಲಿಪ್ ಕಚ್ಚಿಸಿ, 25 ವ್ಯಾಟಿನ ಐರನ್‌ನಲ್ಲಿ ನಿಧಾನಕ್ಕೆ ಹೊರಗೆ ತೆಗೆದೆ. ಮೀಟರಿಗೆ ಹಾಕಿದರೆ ಬೇಸ್-ಎಮಿಟರ್ ಸರಿ. ಬೇಸ್-ಕಲೆಕ್ಟರ್ ಸರಿ. ಎಮಿಟರ್-ಕಲೆಕ್ಟರ್ ನಡುವೆ ಶಾರ್ಟ್ ಇಲ್ಲ. ಟ್ರಾನ್ಸಿಸ್ಟರ್ ಟೆಸ್ಟರ್ ಕೂಡ ಒಳ್ಳೆ ಗೇನ್ (ಸಿಗ್ನಲ್ ಬಲಪಡಿಸುವ ಶಕ್ತಿ) ತೋರಿಸಿತು. ಅದು ಹೊರಗಿದ್ದಾಗ ಬೋರ್ಡಿನ ಕಲೆಕ್ಟರ್ ಜಾಗದಲ್ಲಿ 6 ವೋಲ್ಟ್ ಪೂರ್ತಿ ಇದೆ. ವಾಪಸ್ ಬೆಸುಗೆ ಹಾಕಿದರೆ ಮತ್ತೆ ಸೊನ್ನೆ.

ಬೋರ್ಡಿನ ಎರಡೂ ಬದಿಯ ಫೋಟೋ, ಈ ವೋಲ್ಟೇಜ್‌ಗಳು, ಹೊರಗೆ ತೆಗೆದು ಅಳೆದದ್ದು, ಇಷ್ಟನ್ನೂ ಬರೆದು ಹಳೆ ರೇಡಿಯೋ ರಿಪೇರಿಯವರ ಒಂದು ಆನ್‌ಲೈನ್ ಗುಂಪಿನಲ್ಲಿ ಹಾಕಿದೆ. "ರೇಡಿಯೋ ವರ್ಕ್ ಆಗ್ತಿಲ್ಲ, ಪ್ಲೀಸ್ ಹೆಲ್ಪ್" ಅಂತ ಹಾಕುವವರೂ ಇದ್ದಾರೆ. ಅವರಿಗೂ ಯಾರಾದರೂ ತಾಳ್ಮೆಯಿಂದ "ಸಪ್ಲೈ ಎಷ್ಟು ಬರ್ತಿದೆ?" ಅಂತ ಕೇಳುತ್ತಾರೆ. ಆ ತಾಳ್ಮೆ ನನಗಿಲ್ಲ.

ಅಂಗಡಿಯ ಅಣ್ಣ

ಉತ್ತರಕ್ಕೆ ಬರುವ ಮೊದಲು ಸ್ವಲ್ಪ ಹಿಂದೆ ಹೋಗಬೇಕು. ನಾನು ಈ ಕೆಲಸ ಕಲಿತದ್ದು ಇಂಟರ್ನೆಟ್ ಇಲ್ಲದ ಕಾಲದಲ್ಲಿ, ಉಡುಪಿಯ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ. ಅಂಗಡಿ ಅಂದರೆ ಒಂದು ಮೇಜು, ಒಂದು ಬಲ್ಬ್, ಗೋಡೆ ತುಂಬ ಬಿಚ್ಚಿಟ್ಟ ಸೆಟ್ಟು. ಶಾಲೆ ಬಿಟ್ಟ ಮೇಲೆ ಅಲ್ಲಿ ಹೋಗಿ ನಿಲ್ಲುವುದು. ಅಣ್ಣ ಯಾವತ್ತೂ ಪಾಠ ಮಾಡಿದವರಲ್ಲ. ಮೊದಮೊದಲು ಹಳೆ ಬೋರ್ಡಿನಿಂದ ರೆಸಿಸ್ಟರ್ ಬಿಡಿಸಿ ಬಣ್ಣ ನೋಡಿ ಡಬ್ಬಿಗೆ ಹಾಕುವ ಕೆಲಸ. ಕೆಂಪು ಕೆಂಪು ಕಂದು ಅಂದರೆ 220, ಹಳದಿ ನೇರಳೆ ಕೆಂಪು ಅಂದರೆ 4.7 ಕೆ. ಬಾಯಿಪಾಠ ಮಾಡದೆಯೇ ಬಾಯಿಪಾಠ ಆಯಿತು.

ಆಗ ನಮ್ಮ ಕಡೆಗೆ ಗಲ್ಫ್‌ನಿಂದ ಬರುವವರೆಲ್ಲ ಟೂ-ಇನ್-ಒನ್, ಅಂದರೆ ರೇಡಿಯೋ ಮತ್ತು ಕ್ಯಾಸೆಟ್ ಎರಡೂ ಇರುವ ಸೆಟ್ಟು, ತರುತ್ತಿದ್ದರು. ಮಂಗಳೂರು, ಉಡುಪಿಯ ಮೆಕ್ಯಾನಿಕ್‌ಗಳು ಜಪಾನಿನ ಸೆಟ್ಟು ಬಿಚ್ಚಲು ಕಲಿತದ್ದೇ ಹಾಗೆ. ಸೌದಿಯಿಂದ ಬಂದ ಸೆಟ್ಟಿನ ಹಿಂದಿನ ಸ್ವಿಚ್ 110ರಲ್ಲೇ ಇರುತ್ತಿತ್ತು. ಮನೆಗೆ ಬಂದ ಖುಷಿಯಲ್ಲಿ ಅದನ್ನು ನೋಡದೆ ನಮ್ಮ 230ಕ್ಕೆ ಸಿಕ್ಕಿಸುವುದು, ಟ್ರಾನ್ಸ್‌ಫಾರ್ಮರ್ ಸುಟ್ಟು ಹೊಗೆ ಬರುವುದು, ಮರುದಿನ ಅಂಗಡಿಗೆ ತರುವುದು. ಅಣ್ಣ ವಾಸನೆಯಲ್ಲೇ ಹೇಳುತ್ತಿದ್ದರು, "ಇದು ಸೌದಿಯದ್ದು."

ಆದರೆ ವಿದ್ಯೆ ಹಂಚಿಕೊಳ್ಳುವ ಕಾಲ ಅದಲ್ಲ. ಕೆಲವು ಮೆಕ್ಯಾನಿಕ್‌ಗಳು ಹಾಕಿದ ಟ್ರಾನ್ಸಿಸ್ಟರಿನ ನಂಬರನ್ನು ಬ್ಲೇಡಿನಿಂದ ಕೆರೆದು ಬಿಡುತ್ತಿದ್ದರು. ಇನ್ನೊಂದು ಅಂಗಡಿಯವ ಬಿಚ್ಚಿದರೆ ಏನು ಹಾಕಿದ್ದಾರೆ ಅಂತ ತಿಳಿಯಬಾರದು, ಅಷ್ಟೇ. ಹೊಟ್ಟೆಪಾಡು, ತಪ್ಪು ಹೇಳುವ ಹಾಗಿಲ್ಲ. ಸರ್ಕ್ಯೂಟ್ ಡಯಾಗ್ರಾಂ ಸಿಗುವುದೇ ಅಪರೂಪ. ಸಿಕ್ಕಿದರೆ ಒಂದು ರಾತ್ರಿಗೆ ಮನೆಗೆ ತಂದು ಕೈಯಲ್ಲಿ ನಕಲು ಮಾಡಿ ಬೆಳಿಗ್ಗೆ ವಾಪಸ್ ಕೊಡಬೇಕು.

ಓದಲಿಕ್ಕೆ ಇದ್ದದ್ದು ಮುಖ್ಯವಾಗಿ ದೆಹಲಿಯಿಂದ 1969ರಿಂದ ಬರುತ್ತಿದ್ದ ಎಲೆಕ್ಟ್ರಾನಿಕ್ಸ್ ಫಾರ್ ಯೂ ಪತ್ರಿಕೆ. ಹೊಸದು ಕೊಳ್ಳುವ ಶಕ್ತಿ ಎಲ್ಲಿ? ಮಂಗಳೂರಿಗೆ ಹೋದಾಗ ಹಳೆ ಪೇಪರ್ ಅಂಗಡಿಯಲ್ಲಿ ಕುಳಿತು ಹುಡುಕುವುದು. ಸಿಕ್ಕಿದರೂ ಬೇಕಾದ ಪುಟವನ್ನೇ ಯಾರೋ ಹರಿದಿರುತ್ತಿದ್ದರು. ಕನ್ನಡ ಮೀಡಿಯಂ ಹುಡುಗನಿಗೆ ಇಂಗ್ಲಿಷ್ ವಾಕ್ಯಕ್ಕಿಂತ ಡಯಾಗ್ರಾಮೇ ಬೇಗ ಅರ್ಥವಾಗುತ್ತಿತ್ತು. ಅದರಲ್ಲಿ ಹೇಳಿದ ಬಿಡಿಭಾಗ ಉಡುಪಿಯಲ್ಲಿ ಇಲ್ಲ. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗೆ ಕಾರ್ಡು ಬರೆದು ವಿಪಿಪಿಯಲ್ಲಿ (ಅಂಚೆಯವನಿಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಪಾರ್ಸೆಲ್) ತರಿಸಬೇಕು, ಇಲ್ಲವೇ ರಾತ್ರಿ ಬಸ್ಸಿನಲ್ಲಿ ಹೋಗುವ ಯಾರ ಕೈಯಲ್ಲಾದರೂ ಚೀಟಿ ಕೊಡಬೇಕು. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರೆ ಒಂದು ಐಎಫ್ ಕಾಯಿಲ್‌ಗಾಗಿ ವಾರಗಟ್ಟಲೆ ಕಾಯುವುದು.

ಅಣ್ಣನಿಗೆ ನಾನು ಧನ್ಯವಾದ ಅಂತ ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಹೇಳಿದ್ದರೆ ಅವರೇ ನಗುತ್ತಿದ್ದರು. ಮೀಟರ್ ಎರವಲು ತಂದರೆ ಸೆಲ್ ತೆಗೆದು ವಾಪಸ್ ಕೊಡಬೇಕು, ಚಹಾ ತಂದು ಕೊಡಬೇಕು, ಅಂಗಡಿ ಗುಡಿಸಬೇಕು. ಇವೆಲ್ಲಕ್ಕಿಂತ ಹೆಚ್ಚು ಅವರು ಕೇಳುತ್ತಿದ್ದದ್ದು ಒಂದು. ನಾನು ಮನೆಯಲ್ಲಿ ಏನಾದರೂ ರಿಪೇರಿ ಮಾಡಿ "ಸರಿ ಆಯ್ತು ಅಣ್ಣ" ಅಂದರೆ, ಕೆಲಸ ನಿಲ್ಲಿಸಿ ತಲೆ ಎತ್ತಿ, "ಯಾವುದು ಹೋಗಿತ್ತು?" ಅಂತ ಕೇಳುವರು. ಅದಕ್ಕೆ ಉತ್ತರ ಇಲ್ಲದಿದ್ದರೆ ಮುಂದಿನ ಸಲ ಏನು ಕೇಳಿದರೂ ಹೂಂ ಉಹೂಂ ಅಷ್ಟೇ.

ಅವರದ್ದೇ ಒಂದು ಅಭ್ಯಾಸ ಇತ್ತು. ರೇಡಿಯೋ ಪೂರ್ತಿ ಮೌನವಾಗಿ ಬಂದರೆ, ಮೀಟರ್ ಹಿಡಿಯುವ ಮೊದಲೇ ಸ್ಕ್ರೂಡ್ರೈವರ್ ಹಿಡಿಯಿಂದ ಐಎಫ್ ಟ್ರಾನ್ಸಿಸ್ಟರ್‌ಗಳ ತಲೆಗೆ ಟಕ್ ಟಕ್ ತಟ್ಟುವುದು. ಎಷ್ಟೋ ಸಲ ಸೆಟ್ಟು ಎದ್ದು ಕೂರುತ್ತಿತ್ತು. ಯಾಕೆ ಅಂತ ಕೇಳಿದರೆ "ಅದಕ್ಕೆ ಹಾಗೇ" ಅನ್ನುವರು. ನಿಜಕ್ಕೂ ಅವರಿಗೂ ಗೊತ್ತಿರಲಿಲ್ಲ.

ಉತ್ತರ

ಗುಂಪಿನಲ್ಲಿ ಬಂದ ಮೊದಲ ಉತ್ತರ ಇಂಗ್ಲೆಂಡಿನ ಒಬ್ಬ ಹಿರಿಯರದ್ದು. ಮೂರು ಕಾಲು ಅಳೆದಿದ್ದೀರಿ, ನಾಲ್ಕನೆಯದಕ್ಕೂ ಕಲೆಕ್ಟರಿಗೂ ನಡುವೆ ಅಳೆದಿರಾ, ಅಂತ ಕೇಳಿದ್ದರು. ಅಷ್ಟೇ.

ಎಎಫ್114ರಿಂದ ಎಎಫ್117ರವರೆಗಿನ ಟ್ರಾನ್ಸಿಸ್ಟರ್‌ಗಳಿಗೆ ನಾಲ್ಕು ಕಾಲು. ಎಮಿಟರ್, ಬೇಸ್, ಕಲೆಕ್ಟರ್ ಅಲ್ಲದೆ, ಬೇಸ್ ಮತ್ತು ಕಲೆಕ್ಟರ್ ನಡುವೆ ಇನ್ನೊಂದು. ಅದು ಹೊರಗಿನ ಲೋಹದ ಟೋಪಿಗೆ ಸೇರಿರುತ್ತದೆ, ಬೋರ್ಡಿನಲ್ಲಿ ಗ್ರೌಂಡಿಗೆ. ಟೋಪಿ ಶೀಲ್ಡ್ ಆಗಿ, ಅಂದರೆ ಬೇಡದ ಸಿಗ್ನಲ್ ತಡೆಯುವ ಗುರಾಣಿಯಾಗಿ ಕೆಲಸ ಮಾಡಲಿ ಅಂತ. ನನ್ನ ಟೆಸ್ಟರಿನಲ್ಲಿ ಆ ಕಾಲಿಗೆ ತೂತು ಇಲ್ಲ. ಮತ್ತೆ ಹೊರಗೆ ತೆಗೆದು ಅಳೆದೆ. ಕಲೆಕ್ಟರಿನಿಂದ ಶೀಲ್ಡಿಗೆ ಕೆಲವೇ ಓಮ್. ಏನೂ ಇರಬಾರದಾದ ಜಾಗ ಅದು.

ಕಾರಣ ತವರ. ಟೋಪಿಯ ಒಳಗೋಡೆಗೆ ತವರದ ಲೇಪ. ಶುದ್ಧ ತವರದಿಂದ ವರ್ಷಗಟ್ಟಲೆಯಲ್ಲಿ ತಾನಾಗಿಯೇ ಕೂದಲಿಗಿಂತ ಎಷ್ಟೋ ಪಟ್ಟು ಸಪೂರದ ಲೋಹದ ಎಳೆಗಳು ಬೆಳೆಯುತ್ತವೆ. ಟಿನ್ ವಿಸ್ಕರ್ ಅಂತ ಹೆಸರು. ಟೋಪಿಯ ಒಳಗೆ ತುಂಬಿದ ಗ್ರೀಸನ್ನೂ ದಾಟಿ ಹೋಗಿ ಒಳಗಿನ ಕಾಲಿಗೆ ತಾಗಿದರೆ ಶಾರ್ಟ್. ತಟ್ಟಿದರೆ ಎಳೆ ಮುರಿಯುತ್ತದೆ, ರೇಡಿಯೋ ಹಾಡುತ್ತದೆ, ಸ್ವಲ್ಪ ಕಾಲದ ಮೇಲೆ ಮತ್ತೊಂದು ಎಳೆ. ಅಣ್ಣನ ಟಕ್ ಟಕ್‌ಗೆ ಅರ್ಥ ಸಿಕ್ಕಿದ್ದು ಈಗ.

ಇದೇನು ಹಳೆ ರೇಡಿಯೋದವರ ಕಥೆ ಮಾತ್ರ ಅಲ್ಲ. ನಾಸಾದ ಗಾಡರ್ಡ್ ಕೇಂದ್ರದವರು ಈ ವಿಸ್ಕರ್ ಹಿಂದೆ ಬಿದ್ದು ತುಂಬಾ ಕೆಲಸ ಮಾಡಿದ್ದಾರೆ, ಹಳೆ ರೇಡಿಯೋದ ಎಎಫ್114 ಬಿಚ್ಚಿ ಒಳಗಿನ ಎಳೆಗಳ ಫೋಟೋ ಕೂಡ ತೆಗೆದಿದ್ದಾರೆ. 1998ರಲ್ಲಿ ಗ್ಯಾಲಕ್ಸಿ 4 ಉಪಗ್ರಹ ಕೈಕೊಟ್ಟು ಅಮೆರಿಕದಲ್ಲಿ ಪೇಜರ್‌ಗಳೆಲ್ಲ ನಿಂತವಲ್ಲ, ಅದಕ್ಕೂ ಇದೇ ಕಾರಣ ಅಂತ ಹೇಳುತ್ತಾರೆ. ತವರಕ್ಕೆ ಸ್ವಲ್ಪ ಸೀಸ ಬೆರೆಸಿದರೆ ಎಳೆ ಬೆಳೆಯುವುದು ತುಂಬಾ ಕಡಿಮೆ. 2006ರಲ್ಲಿ ಯುರೋಪಿನ ನಿಯಮ ಬಂದು ಬೆಸುಗೆಯಿಂದ ಸೀಸ ತೆಗೆದಾಗ ಎಂಜಿನಿಯರ್‌ಗಳು ಚಿಂತೆಗೆ ಬಿದ್ದದ್ದು ಅದಕ್ಕೇ.

ಇಷ್ಟು ತಿಳಿದ ಮೇಲೆ ಬೋರ್ಡನ್ನು ಮತ್ತೆ ನೋಡಿದೆ. ಪಕ್ಕದ ಎಎಫ್117, ಅಂದರೆ ಮೊದಲ ಐಎಫ್ ಹಂತದ್ದು, ಅದರ ನಾಲ್ಕನೇ ಕಾಲು ಮೊದಲೇ ತುಂಡಾಗಿದೆ! ಮುರಿದದ್ದಲ್ಲ, ಕಟ್ಟರ್‌ನಿಂದ ನೀಟಾಗಿ ಕತ್ತರಿಸಿದ್ದು. ಈ ಊರಿನ ಯಾರೋ ಒಬ್ಬ ಮೆಕ್ಯಾನಿಕ್ಕಿಗೆ ಎಷ್ಟೋ ವರ್ಷದ ಹಿಂದೆಯೇ ಈ ಉಪಾಯ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ, ಎಲ್ಲೂ ಬರೆಯಲಿಲ್ಲ. ಬರೆಯಲಿಕ್ಕೆ ಜಾಗವಾದರೂ ಎಲ್ಲಿತ್ತು? ಉಡುಪಿಯಲ್ಲೇ ಇದ್ದ ಉತ್ತರ ನನಗೆ ಇಂಗ್ಲೆಂಡಿನಿಂದ ಬರಬೇಕಾಯಿತು.

ಕತ್ತರಿಸುವುದು, ಸುಡುವುದು

ಎರಡನೇ ಐಎಫ್ ಸುಲಭ. ಒಂದೇ ಎಳೆ, ಕಲೆಕ್ಟರಿಗೆ ಮಾತ್ರ. ನಾಲ್ಕನೇ ಕಾಲನ್ನು ಕತ್ತರಿಸಿದರೆ ಟೋಪಿ ಗ್ರೌಂಡಿನಿಂದ ಬಿಡುತ್ತದೆ, ಶಾರ್ಟ್ ಇದ್ದರೂ ಏನೂ ಆಗುವುದಿಲ್ಲ. ಪೂರ್ತಿ ಬುಡದಲ್ಲಿ ಕತ್ತರಿಸಬೇಡಿ, ಮುಂದೆ ಬೇಕಾದರೆ ಸೇರಿಸಲು ಸ್ವಲ್ಪ ಬಿಡಿ. ಶೀಲ್ಡ್ ಇಲ್ಲದಿದ್ದರೆ ಸೆಟ್ಟು ಕೂಗಬಹುದು ಅಂತ ಕೆಲವರು ಹೆದರುತ್ತಾರೆ. ಈ ಐಎಫ್‌ನಲ್ಲಿ ಹಾಗೇನೂ ಆಗಲಿಲ್ಲ.

ಮಿಕ್ಸರಿನ ಎಎಫ್115ರಲ್ಲಿ ಬೇರೆ ಕಥೆ. ಅಲ್ಲಿ ಕಲೆಕ್ಟರಿಗೂ ಎಳೆ, ಬೇಸ್‌ಗೂ ಎಳೆ. ನಾಲ್ಕನೇ ಕಾಲು ಕತ್ತರಿಸಿದರೂ ಎರಡು ಎಳೆ ಟೋಪಿಯ ಮೂಲಕ ಒಂದಕ್ಕೊಂದು ಸೇರಿ ಬೇಸ್-ಕಲೆಕ್ಟರ್ ಶಾರ್ಟ್ ಉಳಿಯುತ್ತದೆ. ಇದಕ್ಕೆ ಗುಂಪಿನ ಇನ್ನೊಬ್ಬರು ದಾರಿ ಹೇಳಿದರು. ಟ್ರಾನ್ಸಿಸ್ಟರ್ ಹೊರಗೆ ತೆಗೆದು, ಎಮಿಟರ್, ಬೇಸ್, ಕಲೆಕ್ಟರ್ ಮೂರನ್ನೂ ಒಂದು ಬರೀ ತಂತಿಯಿಂದ ಸುತ್ತಿ ಒಟ್ಟು ಮಾಡಬೇಕು. 30 ವೋಲ್ಟಿಗೆ ಚಾರ್ಜ್ ಮಾಡಿದ ಕೆಪಾಸಿಟರನ್ನು ಆ ಗಂಟಿಗೂ ನಾಲ್ಕನೇ ಕಾಲಿಗೂ ಒಮ್ಮೆಲೇ ಮುಟ್ಟಿಸಬೇಕು. ಎಳೆ ಸುಟ್ಟು ಹೋಗುತ್ತದೆ. ಮೂರೂ ಕಾಲು ಒಂದೇ ವೋಲ್ಟೇಜಿನಲ್ಲಿ ಇರುವುದರಿಂದ ಒಳಗಿನ ಜಂಕ್ಷನ್‌ಗೆ ಪೆಟ್ಟು ಬೀಳುವುದಿಲ್ಲ. ಗಂಟು ಹಾಕದೆ ಮಾಡಿದರೆ ಟ್ರಾನ್ಸಿಸ್ಟರ್ ಸತ್ತಿತು ಅಂತಲೇ ಲೆಕ್ಕ.

ಮಾಡಿದೆ. ಮೀಟರಿನಲ್ಲಿ ಶೀಲ್ಡಿಗೂ ಉಳಿದ ಕಾಲುಗಳಿಗೂ ಈಗ ಸಂಬಂಧವೇ ಇಲ್ಲ. ಆದರೂ ವಾಪಸ್ ಹಾಕುವಾಗ ನಾಲ್ಕನೇ ಕಾಲನ್ನು ಬೋರ್ಡಿಗೆ ಕೂರಿಸಲಿಲ್ಲ. ಎಳೆ ಮತ್ತೆ ಬೆಳೆಯದು ಅಂತ ಯಾರು ಭರವಸೆ ಕೊಡುತ್ತಾರೆ? ಪೂರ್ತಿ ಬದಲಿಸಬೇಕು ಅನ್ನುವವರಿಗೆ ಎಎಫ್124ರಿಂದ 127ರವರೆಗಿನವು ಸರಿಹೊಂದುತ್ತವೆ, ಗುಣ ಹೆಚ್ಚುಕಡಿಮೆ ಅದೇ, ಟೋಪಿ ಸಣ್ಣದು. ಹಳೆ ಸ್ಟಾಕಿನಲ್ಲಿ ಸಿಕ್ಕಿದರೆ ಬಿಡಬೇಡಿ.

ಸ್ವಿಚ್ ಹಾಕಿದಾಗ 11 ಮಿಲಿಆಂಪ್. ಗರಗರ ಶುರು.

ದಾರ ಮತ್ತು ಅಲೈನ್‌ಮೆಂಟ್

ಬ್ಯಾಂಡ್ ಸ್ವಿಚ್ಚಿನ ಬೆಳ್ಳಿ ಲೇಪ ಕಪ್ಪಾಗಿತ್ತು. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಹತ್ತಿಪ್ಪತ್ತು ಸಲ ಆಚೀಚೆ ಮಾಡಿದರೆ ಸಾಕು, ಸ್ಯಾಂಡ್ ಪೇಪರ್ ಹಾಕಬೇಡಿ. ವಾಲ್ಯೂಮ್ ಕಂಟ್ರೋಲಿಗೂ ಅದೇ.

ಅಷ್ಟರಲ್ಲಿ ಡಯಲ್ ದಾರ ಹರಿದು ಹೋಗಿತ್ತು. ಮೀನಿನ ಗಾಳದ ಒಂಟಿ ಎಳೆ ನೈಲಾನ್ ಇದಕ್ಕೆ ಆಗುವುದಿಲ್ಲ, ಜಾರುತ್ತದೆ, ಹಿಗ್ಗುತ್ತದೆ. ಹೆಣೆದ ಸಪೂರ ದಾರ ಬೇಕು. ಮಲ್ಪೆಯ ಬಲೆ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಏನಕ್ಕೆ ಅಂತ ಹೇಳಿದರೆ ದುಡ್ಡು ತೆಗೆದುಕೊಳ್ಳದೆ ಒಂದು ಮಾರು ಕತ್ತರಿಸಿ ಕೊಟ್ಟರು, "ರೇಡಿಯೋ ಉಂಟಾ ಇನ್ನೂ?" ಅಂತ ಬೇರೆ. ದಾರ ಹಾಕುವ ಮೊದಲು ಹಳೆ ದಾರ ಯಾವ ಗಾಲಿಗೆ ಎಷ್ಟು ಸುತ್ತು ಇತ್ತು ಅಂತ ಫೋಟೋ ತೆಗೆದಿಡಿ.

ಇನ್ನು ಅಲೈನ್‌ಮೆಂಟ್, ಅಂದರೆ ಕಾಯಿಲ್‌ಗಳನ್ನು ಸರಿಯಾದ ಆವರ್ತನಕ್ಕೆ ಕೂರಿಸುವುದು. ಐಎಫ್ 455 ಕಿಲೋಹರ್ಟ್ಸ್. ಸಿಗ್ನಲ್ ಜನರೇಟರಿನಿಂದ ಸಣ್ಣ ಸಿಗ್ನಲ್ ಕೊಟ್ಟು, ಹಿಂದಿನ ಕಾಯಿಲಿನಿಂದ ಶುರು ಮಾಡಿ ಮುಂದಕ್ಕೆ ಬಂದು, ಪ್ರತಿಯೊಂದನ್ನೂ ಸದ್ದು ಜಾಸ್ತಿ ಬರುವಲ್ಲಿಗೆ ತಿರುಗಿಸುವುದು. ಕಬ್ಬಿಣದ ಸ್ಕ್ರೂಡ್ರೈವರ್ ಇಲ್ಲಿ ಬೇಡ, ತೆಗೆದ ಕೂಡಲೇ ಟ್ಯೂನಿಂಗ್ ಬದಲಾಗುತ್ತದೆ. ಫೆರೈಟ್ ಕೋರ್ ಬಿರುಕು ಬಿಡುವುದೂ ಉಂಟು. ಅಣ್ಣ ಅಡಿಕೆ ದಬ್ಬೆಯ ಚೂರನ್ನು ಚೂರಿಯಲ್ಲಿ ಕೆತ್ತಿ ತುದಿ ಮಾಡಿಕೊಳ್ಳುತ್ತಿದ್ದರು. ನಾನು ಇವತ್ತಿಗೂ ಅದನ್ನೇ ಬಳಸುವುದು. ಅಂಗಡಿಯ ಪ್ಲಾಸ್ಟಿಕ್ ಕಡ್ಡಿಗಿಂತ ಗಟ್ಟಿ.

ಆಮೇಲೆ ಡಯಲ್ಲಿನ ಕೆಳತುದಿಯನ್ನು 600 ಕಿಲೋಹರ್ಟ್ಸ್ ಹತ್ತಿರ ಆಸಿಲೇಟರ್ (ಮಿಕ್ಸರಿಗೆ ಬೇಕಾದ ತರಂಗವನ್ನು ಸೆಟ್ಟಿನೊಳಗೇ ಹುಟ್ಟಿಸುವ ಭಾಗ) ಕಾಯಿಲ್‌ನಿಂದ, ಮೇಲಿನ ತುದಿಯನ್ನು 1400ರ ಹತ್ತಿರ ಟ್ರಿಮ್ಮರ್‌ನಿಂದ ಸರಿ ಮಾಡುವುದು. ಒಂದು ಸರಿಮಾಡಿದರೆ ಇನ್ನೊಂದು ಜಾರುತ್ತದೆ, ಹಾಗಾಗಿ ಎರಡನ್ನೂ ಮತ್ತೆ ಮತ್ತೆ ಮಾಡಬೇಕು. ರಾತ್ರಿ 612ರಲ್ಲಿ ಬೆಂಗಳೂರು, 684ರಲ್ಲಿ ಕಲ್ಲಿಕೋಟೆ ಚೆನ್ನಾಗಿ ಬಂದವು. ಅದಕ್ಕೆ ಮೊದಲು ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಎಲ್ಲ ಆಫ್ ಮಾಡಬೇಕು. ಈಗಿನ ಮನೆಯಲ್ಲಿ ಮೀಡಿಯಂ ವೇವ್‌ಗೆ ಅವೇ ದೊಡ್ಡ ಶತ್ರು.

ವಾಪಸ್ ಬರೆದದ್ದು

ಶಾರ್ಟ್ ವೇವ್ ಕೇಳುತ್ತಿದ್ದ ಕಾಲದಲ್ಲಿ ನಾವು ವಿದೇಶದ ಸ್ಟೇಷನ್‌ಗಳಿಗೆ ಪತ್ರ ಬರೆಯುತ್ತಿದ್ದೆವು. ನಿಮ್ಮ ಕಾರ್ಯಕ್ರಮ ಚೆನ್ನಾಗಿದೆ ಅಂತ ಬರೆದರೆ ಅವರಿಗೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಅವರು ಕೇಳುತ್ತಿದ್ದದ್ದು ಸಿನ್ಪೋ ವರದಿ. ಸಿಗ್ನಲ್ ಎಷ್ಟು ಜೋರು, ಬೇರೆ ಸ್ಟೇಷನ್‌ನ ಅಡಚಣೆ ಎಷ್ಟು, ಗದ್ದಲ ಎಷ್ಟು, ಏರಿಳಿತ ಎಷ್ಟು, ಒಟ್ಟಾರೆ ಹೇಗೆ ಅಂತ ಐದು ಅಂಕಿ. 55555 ಅಂದರೆ ಕಲ್ಲು ಸಕ್ಕರೆ, 24232 ಅಂದರೆ ಕಿವಿ ಹಚ್ಚಿ ಕೇಳಬೇಕು. ಜೊತೆಗೆ ದಿನ, ಗಳಿಗೆ, ಮೀಟರ್ ಬ್ಯಾಂಡ್, ಯಾವ ಸೆಟ್ಟು, ಯಾವ ಏರಿಯಲ್. ಸರಿಯಾಗಿ ಬರೆದರೆ ಅವರಿಂದ ಚಂದದ ಕ್ಯೂಎಸ್‌ಎಲ್ ಕಾರ್ಡ್, ಅಂದರೆ ನಾವು ಕೇಳಿದ್ದು ಅವರದೇ ಸ್ಟೇಷನ್ ಅಂತ ಖಚಿತಪಡಿಸುವ ಕಾರ್ಡ್, ಬರುತ್ತಿತ್ತು. ಅವರಿಗೆ ಉಡುಪಿಯಲ್ಲಿ ತಮ್ಮ ಸಿಗ್ನಲ್ ಹೇಗಿದೆ ಅಂತ ಗೊತ್ತಾಗುತ್ತಿತ್ತು, ನಮಗೆ ಕಾರ್ಡು.

ಆನ್‌ಲೈನ್ ಗುಂಪುಗಳಲ್ಲಿ ನನಗೆ ಸಿಟ್ಟು ಬರುವುದು ಇದೇ ವಿಷಯಕ್ಕೆ. ನಮ್ಮದೇ ದೋಷ ಇರುವ ಹಳೆ ಪ್ರಶ್ನೆ ಹುಡುಕಿ ತೆಗೆಯುತ್ತೇವೆ. ಅದರ ಕೆಳಗೆ ಎಷ್ಟೋ ಜನ ಊಹೆ ಹೇಳಿರುತ್ತಾರೆ. ಕೊನೆಯಲ್ಲಿ ಕೇಳಿದವರದ್ದು ಒಂದು ಸಾಲು: "ಸಾಲ್ವ್ ಆಯ್ತು, ಎಲ್ಲರಿಗೂ ತುಂಬಾ ಥ್ಯಾಂಕ್ಸ್." ಕೈ ಮುಗಿದ ಚಿತ್ರ ಬೇರೆ. ಏನು ಸಾಲ್ವ್ ಆಯ್ತು ಮಾರಾಯ್ರೇ? ಯಾರು ಹೇಳಿದ್ದು ಸರಿ? ಬರೆದಿಲ್ಲ. ಬ್ಲೇಡಿನಿಂದ ನಂಬರ್ ಕೆರೆಯುವವರಿಗೂ ಇವರಿಗೂ ನನಗಂತೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಅವರದ್ದು ಹೊಟ್ಟೆಪಾಡು, ಇವರದ್ದು ಸೋಮಾರಿತನ.

ಹಾಗಂತ ಎರಡು ಪದದ ಥ್ಯಾಂಕ್ಸ್ ಬೇಡವೇ ಬೇಡ ಅಂತಲ್ಲ. ಉತ್ತರ ಕೊಡುವವರೂ ಮನುಷ್ಯರೇ. ಹಳೆ ಸರ್ವಿಸ್ ಮ್ಯಾನ್ಯುವಲ್‌ಗಳನ್ನು ಒಂದೊಂದೇ ಪುಟ ಸ್ಕ್ಯಾನ್ ಮಾಡಿ ಹಾಕಿದವರು ಇದ್ದಾರಲ್ಲ, ಕೆಲವು ಪುಟದ ಅಂಚಿನಲ್ಲಿ ಅವರ ಹೆಬ್ಬೆರಳು ಕೂಡ ಕಾಣುತ್ತದೆ. ಅವರಿಗೆ ವರದಿ ಕಳಿಸುವುದಾದರೂ ಹೇಗೆ? ಅಲ್ಲಿ ಬಾಯಿಮಾತಿನ ಥ್ಯಾಂಕ್ಸ್ ಅಲ್ಲದೆ ಬೇರೆ ದಾರಿ ಇಲ್ಲ.

ನಾನು ಗುಂಪಿಗೆ ವಾಪಸ್ ಬರೆದದ್ದು ಹೀಗೆ. ಎರಡನೇ ಐಎಫ್‌ನ ಎಎಫ್117ರಲ್ಲಿ ಶೀಲ್ಡ್-ಕಲೆಕ್ಟರ್ ಶಾರ್ಟ್, ನಾಲ್ಕನೇ ಕಾಲು ಕತ್ತರಿಸಿದ ಮೇಲೆ ಎಮಿಟರ್ 0.8, ಬೇಸ್ 1.05, ಕಲೆಕ್ಟರ್ 5.2. ಮಿಕ್ಸರಿನಲ್ಲಿ ಎರಡು ಎಳೆ, 30 ವೋಲ್ಟಿನಲ್ಲಿ ಸುಟ್ಟದ್ದು. ಒಟ್ಟು ಕರೆಂಟ್ 17ರಿಂದ 11ಕ್ಕೆ. ಎಲೆಕ್ಟ್ರೋಲಿಟಿಕ್ ಎಲ್ಲ ಬದಲು. ಮೊದಲ ಐಎಫ್‌ನ ಕಾಲು ಯಾರೋ ಮೊದಲೇ ಕತ್ತರಿಸಿದ್ದ ಫೋಟೋ ಕೂಡ ಹಾಕಿದೆ. ಇಂಗ್ಲೆಂಡಿನ ಹಿರಿಯರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಫೋಟೋ. ಆ ಮೆಕ್ಯಾನಿಕ್ ಯಾರು, ಯಾವ ವರ್ಷ ಅಂತ ಕೇಳಿದರು. ದೊಡ್ಡಮ್ಮನ ಹತ್ತಿರ ವಿಚಾರಿಸಿದೆ, ಅವರಿಗೆ ನೆನಪಿಲ್ಲ.

ಒಂದು ಕೆಲಸ ಬಾಕಿ ಇದೆ. ಶಾರ್ಟ್ ವೇವ್‌ನ ಕೆಳಗಿನ ಅರ್ಧ ಚೆನ್ನಾಗಿದೆ. 31 ಮೀಟರ್ ದಾಟಿ ಮೇಲಕ್ಕೆ ಹೋದರೆ ಆಸಿಲೇಟರ್ ನಿಲ್ಲುತ್ತದೆ, ಸೆಟ್ಟು ಮೌನ. ಮಿಕ್ಸರಿನ ಎಮಿಟರ್ ವೋಲ್ಟೇಜ್ ಕೆಳತುದಿಯಲ್ಲಿ 0.9, ಮೇಲಿನ ತುದಿಯಲ್ಲಿ 0.6. ಸುಟ್ಟ ಎಎಫ್115ರ ಶಕ್ತಿ ಕುಂದಿದೆಯೋ, ಶಾರ್ಟ್ ವೇವ್ ಆಸಿಲೇಟರ್ ಕಾಯಿಲಿಗೆ ತೇವ ಹಿಡಿದಿದೆಯೋ ಇನ್ನೂ ಖಚಿತ ಇಲ್ಲ. ಕಾಯಿಲನ್ನು ಬಲ್ಬಿನ ಬಿಸಿಗೆ ಇಟ್ಟು ಒಣಗಿಸಿ ನೋಡುವುದು ಮೊದಲು, ಟ್ರಾನ್ಸಿಸ್ಟರ್ ಬದಲಿಸುವುದು ಆಮೇಲೆ. ಎಎಫ್115 ಮಿಕ್ಸರ್ ಇರುವ ಸೆಟ್ಟು ಯಾರ ಹತ್ತಿರವಾದರೂ ನಡೆಯುವ ಸ್ಥಿತಿಯಲ್ಲಿ ಇದ್ದರೆ, ಶಾರ್ಟ್ ವೇವ್‌ನ ಎರಡೂ ತುದಿಯಲ್ಲಿ ಎಮಿಟರ್ ವೋಲ್ಟೇಜ್ ಎಷ್ಟು ಬರುತ್ತದೆ ಅಂತ ಅಳೆದು ಹೇಳಿ. ಸಪ್ಲೈ ಎಷ್ಟಿತ್ತು ಅಂತಲೂ ಬರೆಯಿರಿ.